ಮಕ್ಕಳ ನಿದ್ರೆಯ ಸಿದ್ಧತೆ

ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂತಹ ಗ್ರಾಮಗಳಲ್ಲಿ, ಹೊಲದಿಂದ ಮರಳಿದ ಸೊಸೆ ರೊಟ್ಟಿ ಬಡಿದು ಮುಗಿಸುವತನಕ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಯನ್ನು ಹೊದಿಸಿ, ಬೆನ್ನನ್ನು ಮೆಲ್ಲಮೆಲ್ಲನೆ ತಟ್ಟುತ್ತ, ಪ್ರತಿರಾತ್ರಿಯೂ ಅದೇ ಜೋಗುಳವನ್ನು ಹಾಡುವ ಅಜ್ಜಿಯ ಕ್ರಮವನ್ನು ಆಧುನಿಕ ವೈದ್ಯಶಾಸ್ತ್ರವೂ ಸಮ್ಮತಿಸುವುದು. ನಿತ್ಯವೂ ಒಂದೇ ವೇಳೆಗೆ, ಒಂದೇ ಅನುಕ್ರಮದಲ್ಲಿ ನಡೆಯುವ ಊಟ, ಹಾಡು, ಹಾಸಿಗೆಗಳು ನಿದ್ರೆಯ ಆಗಮನವನ್ನು ಮಗುವಿಗೆ ಮುಂಚಿತವಾಗಿಯೇ ಸೂಚಿಸುವುವು. ಕತ್ತಲೆ ಕವಿದಂತೆ ಮೆದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ಆ ಸೂಚನೆಯನ್ನು ದೃಢಪಡಿಸುವುದು. ಪ್ರಖರವಾದ ದೀಪವೂ ಮೊಬೈಲಿನ ಬೆಳಕೂ ಈ ಸ್ರಾವವನ್ನು ಕುಂದಿಸುವುವು. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಹಗಲುನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ. ವರ್ಷ ತುಂಬದ ಕೂಸನ್ನು ಮಾತ್ರ ಕೌದಿ, ದಿಂಬುಗಳಿಲ್ಲದೆ ಅಂಗಾತ ಮಲಗಿಸತಕ್ಕದ್ದು. ತಾಯಿತಂದೆಗಳು ಮಗು ಮಲಗುವ ಹೊತ್ತಿಗಿಂತ ಒಂದು ಗಂಟೆ ಮೊದಲೇ ಮೊಬೈಲನ್ನು ಎತ್ತಿಟ್ಟು, ಮಗುವಿನ ಬಳಿ ಕುಳಿತು ಹಾಡಲಿ.