ಅಧ್ಯಕ್ಷರ ಮುಖಕ್ಕೂ ಮೇಕಪ್ ಬೇಕೇ?

ಪ್ರಶ್ನೆ: ನಮ್ಮ ತೆಂಗು ಬೆಳೆಗಾರರ ಸಂಘದ ಪರಿಚಯ ವಿಡಿಯೊ ತೆಗೆಸುತ್ತಿದ್ದೇವೆ. ಬೆಂಗಳೂರಿನ ತಂಡದವರು ಮೇಕಪ್ ಕಲಾವಿದರಿಗೆಂದು ಬೇರೆ ದುಡ್ಡು ಕೇಳುತ್ತಿದ್ದಾರೆ. ಅದು ಬೇಕೇ? ಇಲ್ಲಿನ ಮದುವೆ ಮೇಕಪ್‌ನವರು ಸಾಲದೇ?
– ಓದುಗರೊಬ್ಬರು, ಚೌಳಹಿರಿಯೂರು

ಉತ್ತರ: ಬೇಕು, ಆದರೆ ತೆಳುವಾಗಿ. ಚರ್ಮದ ಜಿಡ್ಡು, ಬೆವರು ದೀಪದ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆಸೆಯುತ್ತವೆ. ಎದುರು ಕೂತವರಿಗೆ ಅದು ಅಷ್ಟಾಗಿ ಕಾಣದು; ಕ್ಯಾಮೆರಾದಲ್ಲಿ ಹಣೆ, ಮೂಗಿನ ತುದಿ ಬಿಳಿ ಮಚ್ಚೆಯಾಗಿ ಹೊಳೆಯುತ್ತವೆ. ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವರದ್ದಂತೂ ಕೇಳಲೇಬೇಡಿ! ಟಿಶ್ಯೂ ಕಾಗದ ಒತ್ತಿ ಜಿಡ್ಡು ತೆಗೆದು, ಬಣ್ಣವಿಲ್ಲದ ಪೌಡರ್ ಹಗುರವಾಗಿ ತಟ್ಟಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಚಿತ್ರೀಕರಣ ಮುಗಿಯುವ ತನಕ ಮಾನಿಟರ್ ನೋಡುತ್ತ, ಹಾರಿದ ಕೂದಲು ಕೂರಿಸುತ್ತ ನಿಲ್ಲುವುದು.

ಮದುವೆ ಮೇಕಪ್ಪಿನ ಮಿನುಗು ಇಲ್ಲಿ ಹೊಂದದು. ಸಾಣೇಹಳ್ಳಿಯಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ತಂಡದ ನಾಟಕ ನೋಡಿದ್ದೀರಲ್ಲ, ರಂಗದ ಪ್ರಸಾಧನ ಕೊನೆಯ ಸಾಲಿನವರಿಗೂ ಕಾಣಬೇಕು. ಕ್ಯಾಮೆರಾದ ಪ್ರಸಾಧನ ಕಾಣಲೇಬಾರದು. ಈ ವ್ಯತ್ಯಾಸ ಬಲ್ಲವರಾದರೆ ಸ್ಥಳೀಯರೇ ಸಾಕು. ಫೋಟೊ ಬದಲು ಅವರು ಕೆಲಸ ಮಾಡಿದ ವಿಡಿಯೊ ನೋಡಿ. ಎಷ್ಟು ಜನ, ಎಷ್ಟು ಗಂಟೆ, ಪ್ರಯಾಣದ ಖರ್ಚು ಯಾರದು ಎಂಬುದನ್ನು ಬರೆದಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಬೇರೆ ಸ್ಪಂಜು ಬಳಸಲಿ.

ಸ್ಥಳೀಯರೆಂದರೆ ಗಂಡಸರೇ ಆಗಬೇಕೆಂದಿಲ್ಲ. ಹೆಣ್ಣುಮಕ್ಕಳು ಹೇರ್ ಡ್ರೆಸರ್ ಆಗಬಹುದು, ಮೇಕಪ್ ಕಲಾವಿದೆ ಆಗುವಂತಿಲ್ಲ ಎಂಬ ಕಟ್ಟಳೆ ಮುಂಬೈ ಚಿತ್ರರಂಗದ ಸಂಘದಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು 2014ರಲ್ಲಿ ತಳ್ಳಿಹಾಕಿತು. ಹಾಗಾಗಿ ನಿಮ್ಮೂರ ಹುಡುಗಿಯೊಬ್ಬಳು ಈ ಕೆಲಸ ಕಲಿತಿದ್ದರೆ ಮೊದಲು ಅವಳನ್ನೇ ಕರೆಯಿರಿ.