ಟ್ರಯಲ್‌ಗೆ ಸೇರಿದ ರೋಗಿಗೂ ನಮ್ಮ ನೆರವು ಏಕೆ?



ಕಳೆದ ವಾರ್ಷಿಕ ಮಹಾಸಭೆಯಲ್ಲಿ ವೈದ್ಯಕೀಯ ನೆರವು ನಿಧಿಯ ಲೆಕ್ಕಪತ್ರ ಓದಿ ಮುಗಿಸಿದಾಗ ಹಿರಿಯ ದಾನಿಯೊಬ್ಬರು ಎದ್ದು ನಿಂತು ಕೇಳಿದರು: "ಬಾಯಿ, ಗಂಟಲು ಕ್ಯಾನ್ಸರ್ ರೋಗಿಗಳಲ್ಲಿ ಕೆಲವರ ಹೆಸರಿನ ಮುಂದೆ 'ಕ್ಲಿನಿಕಲ್ ಟ್ರಯಲ್' ಎಂದು ಬರೆದಿದ್ದೀರಿ. ಟ್ರಯಲ್ ಎಂದರೆ ಔಷಧ ಪುಕ್ಕಟೆ ಅಲ್ಲವೇ? ಮತ್ತೆ ನಾವೇಕೆ ಹಣ ಕೊಡಬೇಕು?" ಅವರ ಹಿಂದಿನ ಸಾಲಿನಲ್ಲಿದ್ದ ಇನ್ನೊಬ್ಬರು ಮೆಲ್ಲಗೆ, "ಬಡವರ ಮೇಲೆ ಪ್ರಯೋಗ ಮಾಡುವುದಕ್ಕೆ ನಮ್ಮ ಸಂಘ ಕೈಜೋಡಿಸಬೇಕೇ?" ಎಂದದ್ದೂ ನನಗೆ ಕೇಳಿಸಿತು. ಊಟದ ಹೊತ್ತು ಮೀರಿತ್ತು. ಅರ್ಧಂಬರ್ಧ ಉತ್ತರ ಹೇಳಿ ಕುಳಿತೆ. ಎರಡೂ ನ್ಯಾಯವಾದ ಪ್ರಶ್ನೆಗಳು, ಆದ್ದರಿಂದ ಇಲ್ಲಿ ಸರಿಯಾಗಿ ಉತ್ತರಿಸುತ್ತೇನೆ. ನಾನು ವೈದ್ಯಳಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ನೆರವು ಸಮಿತಿಯ ಪರವಾಗಿ ರೋಗಿಗಳ ಜೊತೆ ಆಸ್ಪತ್ರೆಗಳಿಗೆ ಹೋಗಿ ಬರುತ್ತೇನೆ, ಅಷ್ಟೆ.

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಏಕೆಂದರೆ ಅದನ್ನು ನನ್ನ ಮುಖಕ್ಕೇ ಕೇಳಿದವರು ಒಬ್ಬ ರೋಗಿಯ ತಮ್ಮ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಅಣ್ಣ ತಮ್ಮಂದಿರು. ಅಣ್ಣನಿಗೆ ಸುಮಾರು ಐವತ್ತು ವರ್ಷ, ಎಳೆಯ ವಯಸ್ಸಿನಿಂದ ಗುಟ್ಕಾ ಚಟ. ಕೆನ್ನೆಯ ಒಳಗಿನ ಗಡ್ಡೆಗೆ ಊರ ಕಡೆಯೇ ಆಪರೇಷನ್ ಆಗಿತ್ತು. ವರ್ಷ ತುಂಬುವುದರೊಳಗೆ ಅದು ಮರಳಿ ಬಂದಿತ್ತು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಜೋಳದ ನುಚ್ಚಿನ ಗಂಜಿಯೇ ಊಟ. ಮತ್ತೆ ಆಪರೇಷನ್ ಸಾಧ್ಯವಿಲ್ಲ, ಆದರೆ ಒಂದು ಟ್ರಯಲ್ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು ಎಂದು ಇಲ್ಲಿನ ಆಸ್ಪತ್ರೆಯಲ್ಲಿ ಹೇಳಿದ್ದರು. ತಮ್ಮ ನನ್ನನ್ನು ಕಾರಿಡಾರಿನ ಮೂಲೆಗೆ ಕರೆದು ಕೇಳಿದರು: "ಅಕ್ಕಾರ, ಅಂದ್ರ ನಮ್ಮ ಅಣ್ಣನ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ? ಇಲಿ ಮ್ಯಾಲೆ ಮಾಡಿದಂಗ?"

ಅವರಿಗೆ ಉತ್ತರ ಹೇಳಲು ನಾನು ಬಳಸಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಇದು ನಮ್ಮ ಮುಂಬಯಿಯಲ್ಲಿಯೇ, ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಡೆದದ್ದು. ಬಾಯಿಯ ಕ್ಯಾನ್ಸರ್ ಚಿಕ್ಕದಾಗಿರುವಾಗ ಗಡ್ಡೆಯನ್ನು ತೆಗೆಯುತ್ತಾರೆ. ಆದರೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನು, ಅಂದರೆ ರೋಗ ಮೊದಲು ಹೋಗಿ ಸೇರುವ ಸಣ್ಣ ಗಂಟುಗಳನ್ನು, ಏನು ಮಾಡಬೇಕು? ಕೈಗೆ ಗಂಟು ಸಿಗದಿದ್ದರೂ ಅದೇ ಆಪರೇಷನ್‌ನಲ್ಲಿ ತೆಗೆದುಬಿಡಬೇಕು ಎಂದು ಕೆಲವು ಸರ್ಜನ್‌ಗಳು. ಸುಮ್ಮನೆ ಕುತ್ತಿಗೆ ಕೊಯ್ದು ಭುಜದ ಶಕ್ತಿ ಕುಂದಿಸುವುದೇಕೆ, ಗಂಟು ಕಾಣಿಸಿಕೊಂಡಾಗ ತೆಗೆದರಾಯಿತು ಎಂದು ಇನ್ನು ಕೆಲವರು. ಹತ್ತಾರು ವರ್ಷ ಈ ವಾದ ನಡೆದಿತ್ತು. ಎರಡೂ ಕಡೆಯವರು ದೊಡ್ಡ ಡಾಕ್ಟರುಗಳೇ. ರೋಗಿಗೆ ಯಾವುದು ಸಿಗುತ್ತಿತ್ತು ಎಂಬುದು ಆತ ಯಾರ ಕೈಗೆ ಸಿಕ್ಕಿದ ಎಂಬುದರ ಮೇಲೆ ನಿಂತಿತ್ತು. ಯೋಚಿಸಿ ನೋಡಿದರೆ ಅದೂ ಒಂದು ಪ್ರಯೋಗವೇ, ಲೆಕ್ಕ ಇಡದ ಪ್ರಯೋಗ.

2004ರಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಅವರ ಸಹೋದ್ಯೋಗಿಗಳು ಲೆಕ್ಕ ಇಡಲು ಆರಂಭಿಸಿದರು. ಒಪ್ಪಿದ ರೋಗಿಗಳನ್ನು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದು ಡಾಕ್ಟರ ಇಚ್ಛೆಯಲ್ಲ, ರೋಗಿಯ ಇಚ್ಛೆಯೂ ಅಲ್ಲ, ಚೀಟಿ ಎತ್ತಿದ ಹಾಗೆ. ಹತ್ತು ವರ್ಷಗಳಲ್ಲಿ 596 ಜನ ಸೇರಿದರು. ಸಾಕಷ್ಟು ಕಾಲ ಗಮನಿಸಿದ 500 ಜನರ ಲೆಕ್ಕ ತೆಗೆದಾಗ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಕಾದು ನೋಡಿದವರಲ್ಲಿ ಶೇ. 67.5. ನೂರು ಜನರಲ್ಲಿ ಹನ್ನೆರಡು ಹದಿಮೂರು ಜೀವಗಳ ವ್ಯತ್ಯಾಸ! 2015ರಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಪರೇಲ್‌ನ ಕಾರಿಡಾರುಗಳಲ್ಲಿ ಕುಳಿತಿದ್ದ ಜನ ಒಪ್ಪಿದ್ದರಿಂದ ಹೊರದೇಶದ ಸರ್ಜನ್‌ಗಳೂ ಆ ಹಳೆಯ ವಾದಕ್ಕೆ ಉತ್ತರ ಪಡೆದರು.

"ಹಂಗಾರ ಅಲ್ಲೀತನಕ ಡಾಕ್ಟರಿಗೇ ಗೊತ್ತಿರಲಿಲ್ಲೇನ್ರಿ?" ಎಂದರು ತಮ್ಮ. ಗೊತ್ತಿರಲಿಲ್ಲ. ಟ್ರಯಲ್‌ನ ಬುಡದಲ್ಲಿರುವುದು ಇದೊಂದೇ ಮಾತು. ಯಾವುದು ಮೇಲು ಎಂದು ಮೊದಲೇ ಗೊತ್ತಿದ್ದರೆ ಚೀಟಿ ಎತ್ತುವುದು ಪಾಪವಾಗುತ್ತದೆ. ಪ್ರಾಮಾಣಿಕವಾಗಿ ಗೊತ್ತಿಲ್ಲದಾಗ ಮಾತ್ರ ಅದಕ್ಕೆ ಅನುಮತಿ.

ಇನ್ನೊಂದು ಭಯವೆಂದರೆ, ಒಂದು ಗುಂಪಿಗೆ ಔಷಧ, ಇನ್ನೊಂದು ಗುಂಪಿಗೆ ಬರೀ ಸಕ್ಕರೆ ಮಾತ್ರೆ ಎಂಬುದು. ಒಳ್ಳೆಯ ಚಿಕಿತ್ಸೆ ಈಗಾಗಲೇ ಇರುವ ಕ್ಯಾನ್ಸರಿನಲ್ಲಿ ಹಾಗೆ ಬಿಡುವಂತಿಲ್ಲ. ಒಂದು ಗುಂಪಿಗೆ ಈಗ ರೂಢಿಯಲ್ಲಿರುವ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು ಅಥವಾ ರೂಢಿಯದರ ಜೊತೆಗೆ ಹೊಸದು. ಹೊಸದು ಎಂದಮಾತ್ರಕ್ಕೆ ಅದು ಮೇಲು ಎಂದೂ ಅಲ್ಲ. ರೇಡಿಯೇಷನ್ ಜೊತೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧವನ್ನು ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುವ ಬದಲು ವಾರಕ್ಕೊಮ್ಮೆ ಸಣ್ಣದಾಗಿ ಕೊಟ್ಟರೆ ರೋಗಿಗೆ ಹಗುರ ಎಂದು ಅನೇಕ ಕಡೆ ಹಾಗೆಯೇ ಕೊಡುತ್ತಿದ್ದರು. ಟಾಟಾದಲ್ಲಿ 300 ರೋಗಿಗಳ ಟ್ರಯಲ್ ಮಾಡಿ 2018ರಲ್ಲಿ ಪ್ರಕಟಿಸಿದರು. ವಾರದ 30 ಮಿಲಿಗ್ರಾಂ ಲೆಕ್ಕದ ಡೋಸ್ ಸಹಿಸಲು ಸುಲಭ, ನಿಜ. ಆದರೆ ಎರಡು ವರ್ಷದ ಹೊತ್ತಿಗೆ ರೋಗ ಹುಟ್ಟಿದ ಜಾಗದಲ್ಲಿ ಮತ್ತು ಕುತ್ತಿಗೆಯಲ್ಲಿ ಹತೋಟಿಯಲ್ಲಿದ್ದದ್ದು ಆ ಗುಂಪಿನ ಶೇ. 58.5 ಜನರಲ್ಲಿ, ಮೂರು ವಾರದ ಗುಂಪಿನಲ್ಲಿ ಶೇ. 73.1. ಇಂಥದ್ದು ಅನುಭವದ ಕಣ್ಣಿಗೆ ಕಾಣುವುದಿಲ್ಲ, ಎಣಿಸಿದರೆ ಮಾತ್ರ ಕಾಣುತ್ತದೆ.

ಬಡವರ ವಿಷಯ ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಮರಳಿ ಬಂದ ಅಥವಾ ಹರಡಿದ ಬಾಯಿ, ಗಂಟಲು ಕ್ಯಾನ್ಸರಿಗೆ ಈಗ ಇಮ್ಯುನೋಥೆರಪಿ ಔಷಧಗಳಿವೆ. ನಿವೊಲುಮಾಬ್ ಅವುಗಳಲ್ಲಿ ಒಂದು. ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಎಂಬುದು ಅದರ ವಾಡಿಕೆಯ ಡೋಸ್. ಅದರ ಬೆಲೆ ನಮ್ಮ ನಿಧಿಗೂ ನಿಲುಕದ್ದು, ಒಬ್ಬರಿಗೆ ಕೊಡಿಸಲು ಹೋದರೆ ಉಳಿದವರ ಪಾಲಿಗೆ ಏನೂ ಉಳಿಯುವುದಿಲ್ಲ. ಟಾಟಾದ ವೈದ್ಯರು ಬೇರೆ ದಾರಿ ನೋಡಿದರು. ಮೂರು ಅಗ್ಗದ ಮಾತ್ರೆಗಳ ಚಿಕಿತ್ಸೆಯ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮಾಬ್ ಸೇರಿಸಿದರೆ ಏನಾಗುತ್ತದೆ? 151 ಜನರ ಟ್ರಯಲ್. ಒಂದು ವರ್ಷದ ನಂತರ ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 16.3 ಜನ ಬದುಕಿದ್ದರು, ಸಣ್ಣ ಡೋಸ್ ಸೇರಿಸಿದವರಲ್ಲಿ ಶೇ. 43.4. ಇದು ಗುಣವಾಗುವ ಮಾತಲ್ಲ, ತಿಂಗಳುಗಳು ಸಿಗುವ ಮಾತು. ಸಣ್ಣ ಡೋಸ್ ಪೂರ್ಣ ಡೋಸ್‌ಗೆ ಸಮ ಎಂದೂ ಇದರಿಂದ ಹೇಳಲಾಗದು, ಅವೆರಡನ್ನು ಇಲ್ಲಿ ಹೋಲಿಸಿರಲಿಲ್ಲ. ಆದರೆ ಶ್ರೀಮಂತ ದೇಶದ ಯಾವ ಕಂಪನಿಯೂ ತನ್ನ ಔಷಧವನ್ನು ಇಷ್ಟು ಕಡಿಮೆ ಕೊಟ್ಟರೆ ಸಾಕೇ ಎಂದು ಕೇಳಲು ಹೊರಡುವುದಿಲ್ಲ. ಬಡ ರೋಗಿಗಳಿಗೆ ಬೇಕಾದ ಪ್ರಶ್ನೆಯನ್ನು ಬಡ ರೋಗಿಗಳಿರುವಲ್ಲಿಯೇ ಕೇಳಬೇಕು ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. 2009ರ ಜೂನ್‌ನಿಂದ ದೇಶದ ಪ್ರತಿ ಟ್ರಯಲ್ ಐಸಿಎಂಆರ್ ನಡೆಸುವ ಸಿಟಿಆರ್‌ಐ ಎಂಬ ರಿಜಿಸ್ಟ್ರಿಯಲ್ಲಿ ದಾಖಲಾಗಬೇಕು. ಅದಕ್ಕೊಂದು ಸಂಖ್ಯೆ ಇರುತ್ತದೆ. ಮೊದಲು ಅದನ್ನು ಕೇಳಿ, ಯಾರು ಬೇಕಾದರೂ ತೆರೆದು ನೋಡಬಹುದು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. 2019ರ ನಿಯಮಗಳ ಪ್ರಕಾರ ಆ ಸಮಿತಿಯ ಅರ್ಧದಷ್ಟು ಸದಸ್ಯರಾದರೂ ಆ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು, ನಮ್ಮಂಥ ಸಾಮಾನ್ಯರೊಬ್ಬರೂ ಇರಬೇಕು. ಹೊಸ ಔಷಧದ ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ರೋಗಿಯ ಹಕ್ಕು. ಯಾವಾಗ ಬೇಕಾದರೂ, ಕಾರಣ ಹೇಳದೆ, ಹೊರಬರಬಹುದು. ಹೊರಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದೂ ನಿಯಮವೇ. ಆ ಅಣ್ಣನಿಗೆ ಕೊಟ್ಟ ಪತ್ರ ಕನ್ನಡದಲ್ಲೇ ಇತ್ತು. ಆದರೆ ಎಂಥ ಕನ್ನಡ! 'ಯಾದೃಚ್ಛಿಕ ಹಂಚಿಕೆ' ಎಂಬ ಪದ ನನಗೇ ಎರಡು ಸಲ ಓದಿದ ಮೇಲೆ ತಿಳಿದದ್ದು. ನನ್ನದು ಮಂಗಳೂರು ಕಡೆಯ ಮಾತು, ಅವರದು ವಿಜಯಪುರದ್ದು. ಒಂದೊಂದು ಪುಟ ಓದಿ, ತಮ್ಮನಿಂದ ಅವರ ಮಾತಿನಲ್ಲಿ ಹೇಳಿಸಿ, ಅಣ್ಣ ತಲೆಯಾಡಿಸಿದ ಮೇಲೆ ಮುಂದಿನ ಪುಟ. ಅವರಿಗೆ ಓದಲು ಬರುತ್ತಿರಲಿಲ್ಲ. ಅಂಥವರ ಒಪ್ಪಿಗೆಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಮಾರನೆಯ ದಿನ ಯೋಚಿಸಿ ಬಂದು ಅವರು ಹೆಬ್ಬೆಟ್ಟು ಒತ್ತಿದರು, ಕೆಳಗೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಬ್ಯಾಂಕಿನಲ್ಲಿ ಎಷ್ಟೋ ಲಕ್ಷದ ಕಾಗದಗಳಿಗೆ ಸಹಿ ಹಾಕಿದವಳು ನಾನು. ಅವತ್ತು ಮಾತ್ರ ಕೈ ನಡುಗಿತು.

ಚೀಟಿಯಲ್ಲಿ ಅವರಿಗೆ ಬಂದದ್ದು ರೂಢಿಯ ಚಿಕಿತ್ಸೆಯ ಗುಂಪು. "ನಮ್ಮ ನಸೀಬನ ಇಷ್ಟ" ಎಂದು ತಮ್ಮ ಬೇಸರ ಪಟ್ಟರು. ಹೊಸದು ಮೇಲು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಮತ್ತೆ ಹೇಳಿದೆ. ಅವರು ನಂಬಿದರೋ ಇಲ್ಲವೋ!

ಇನ್ನು ಮೊದಲ ಪ್ರಶ್ನೆ, ದುಡ್ಡಿನದು. ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಪರೀಕ್ಷೆಯಲ್ಲಿರುವ ಔಷಧಕ್ಕೆ ಮತ್ತು ಅದಕ್ಕಾಗಿಯೇ ಮಾಡುವ ತಪಾಸಣೆಗಳಿಗೆ ರೋಗಿ ಹಣ ಕೊಡಬೇಕಾಗಿಲ್ಲ. ಉಳಿದ ಮಾಮೂಲಿ ಚಿಕಿತ್ಸೆಯ ಖರ್ಚು ಎಷ್ಟೋ ಟ್ರಯಲ್‌ಗಳಲ್ಲಿ ರೋಗಿಯದೇ. ಆಸ್ಪತ್ರೆಯ ಹೊರಗಿನ ಖರ್ಚಂತೂ ಹಾಗೆಯೇ ಉಳಿಯುತ್ತದೆ. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಮುಂಬಯಿಯಲ್ಲೇ ಇರಬೇಕು. ರೂಮಿನ ಬಾಡಿಗೆ, ಜೊತೆಗಿರುವವರ ಊಟ, ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆ, ಅದರಲ್ಲಿ ಹಾಕುವ ಪ್ರೋಟೀನ್ ಪುಡಿ. ಮಾತ್ರೆಯ ಚಿಕಿತ್ಸೆಯಾದರೆ ಊರಿಗೆ ಹೋಗಿ ನಿಗದಿತ ದಿನ ಮರಳಿ ಬರಬೇಕು. ಕೂಲಿ ತಪ್ಪಿದ ದಿನಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಇಲ್ಲಿ ನಮ್ಮ ಸಮಿತಿಯ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಆ ಅಣ್ಣ ಮೂರನೆಯ ಭೇಟಿಗೆ ಬರಲಿಲ್ಲ. ಸೊಲ್ಲಾಪುರದವರೆಗಿನ ಬಸ್ಸು, ಅಲ್ಲಿಂದ ಇಬ್ಬರ ರೈಲು, ಮೂರು ದಿನದ ರೂಮು, ಇಷ್ಟಕ್ಕೆ ಹಣ ಕೇಳಿ ತಮ್ಮ ಫೋನ್ ಮಾಡಿದ್ದರು. ಅರ್ಜಿ ಮಂಜೂರಾಗಲು ತಿಂಗಳ ಸಭೆ ನಡೆಯಬೇಕು, ಸಭೆ ಎರಡು ವಾರ ಮುಂದಿತ್ತು. ಮಾತ್ರೆಗಳನ್ನು ಪ್ರತಿ ಭೇಟಿಯಲ್ಲಿ ಮುಂದಿನ ಭೇಟಿಯವರೆಗೆ ಎಣಿಸಿ ಕೊಡುತ್ತಾರೆ. ಅವು ಮುಗಿದವು. ಅವರು ಮತ್ತೆ ಬಂದಾಗ ಹದಿನೇಳು ದಿನ ಔಷಧವಿಲ್ಲದೆ ಕಳೆದಿದ್ದವು, ಕುತ್ತಿಗೆಯ ಬಾವು ಹೆಚ್ಚಾಗಿತ್ತು. ಆ ದಿನಗಳಿಂದಲೇ ಹಾಗಾಯಿತು ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಚಿಕಿತ್ಸೆ ಆರಂಭವಾಗಿ ಎಂಟನೆಯ ತಿಂಗಳಲ್ಲಿ ಅವರು ಊರಿನಲ್ಲಿ ತೀರಿಕೊಂಡರು. ತಮ್ಮ ಫೋನಿನಲ್ಲಿ ಸುದ್ದಿ ತಿಳಿಸಿ, ಉಳಿದಿರುವ ಎರಡು ಡಬ್ಬಿ ಪ್ರೋಟೀನ್ ಪುಡಿಯನ್ನು ಮುಂಬಯಿಗೆ ಬರುವ ಯಾರ ಕೈಯಲ್ಲಾದರೂ ಕಳಿಸಲೇ ಎಂದು ಕೇಳಿದರು.

ಆ ಬಳಿಕ ನಾವು ನಿಯಮ ಬದಲಿಸಿದ್ದೇವೆ. ಚಿಕಿತ್ಸೆಯಲ್ಲಿರುವ ರೋಗಿಯ ಪ್ರಯಾಣ ಮತ್ತು ವಸತಿಗೆ 5,000 ರೂಪಾಯಿವರೆಗೆ ಕಾರ್ಯದರ್ಶಿಯವರು ಅದೇ ದಿನ ಕೊಡಬಹುದು, ಸಭೆಯ ಮಂಜೂರಾತಿ ಆಮೇಲೆ. ಇದಕ್ಕಾಗಿ ಪ್ರತ್ಯೇಕ ಖಾತೆ ತೆರೆಯುತ್ತಿದ್ದೇವೆ. ಅದಕ್ಕೆ ಹಣ ಕೊಡುವ ದಾನಿಗಳು ರಸೀದಿಯಲ್ಲಿ 'ಪ್ರಯಾಣ ಮತ್ತು ವಸತಿ' ಎಂದು ಬರೆಸಬೇಕು. ಹಣ ಕೊಡಲಾಗದ ಸದಸ್ಯರಲ್ಲಿ ಇನ್ನೊಂದು ವಿನಂತಿ: ವಿಜಯಪುರ, ಕಲಬುರಗಿ, ಬೀದರ್ ಕಡೆಯ ಮಾತು ಬಲ್ಲವರು ವಾರಕ್ಕೊಂದು ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬರುವುದಾದರೆ ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಒಪ್ಪಿಗೆ ಪತ್ರಗಳನ್ನು ಓದಿ ಹೇಳಲು ಸದ್ಯ ನಾನೊಬ್ಬಳೇ ಇದ್ದೇನೆ, ಅವರ ಅರ್ಧ ಮಾತು ನನಗೆ ತಿಳಿಯುವುದಿಲ್ಲ.