ಬೆಂಗಳೂರಿನಲ್ಲಿ ಅನಿಮೆ

ಜಪಾನಿನಲ್ಲಿ ತಯಾರಾಗುವ ಅನಿಮೇಷನ್ ಧಾರಾವಾಹಿ ಹಾಗೂ ಚಲನಚಿತ್ರಗಳನ್ನು ಹೊರದೇಶಗಳಲ್ಲಿ ಅನಿಮೆ ಎಂದು ಕರೆಯುತ್ತಾರೆ. ಜಪಾನೀ ಭಾಷೆಯಲ್ಲಿ ಮಾತ್ರ ಈ ಪದವು ಯಾವ ದೇಶದ ಅನಿಮೇಷನ್‌ಗಾದರೂ ಸಲ್ಲುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆ ಮೊದಲಾದ ದಕ್ಷಿಣ ಬೆಂಗಳೂರಿನ ವಸತಿ ಪ್ರದೇಶಗಳಲ್ಲಿ ಅನಿಮೆಯು ಕೇಬಲ್ ಟಿವಿಯ ಮೂಲಕ ಮಕ್ಕಳ ದಿನಚರಿಯನ್ನು ಸೇರಿತು. ಆದರೆ ಅದು ಮನೆಯೊಳಗೆ ಬಂದದ್ದು ಬಹುಮಟ್ಟಿಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಅಲ್ಲ.

ಹಿನ್ನೆಲೆ

ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಜಪಾನಿನ ದೂರದರ್ಶನದಲ್ಲಿ ಆರಂಭವಾಯಿತು. 1969ರಿಂದ ಪ್ರಸಾರವಾಗುತ್ತಿರುವ ‘ಸಜಾಎ-ಸಾನ್’ ಇಂದಿಗೂ ಭಾನುವಾರ ಸಂಜೆಯ ಕಾರ್ಯಕ್ರಮವಾಗಿ ಉಳಿದಿದೆ. ಮೂರು ತಲೆಮಾರು ಒಂದೇ ಸೂರಿನಡಿ ಬಾಳುವ ಅದರ ಕಥೆ ನಮ್ಮ ಕೂಡು ಕುಟುಂಬಗಳಿಗೂ ಅಪರಿಚಿತವೆನಿಸದು. 2008ರಲ್ಲಿ ಜಪಾನ್ ಸರ್ಕಾರದ ವಿದೇಶಾಂಗ ಸಚಿವಾಲಯವು ಡೋರೆಮಾನ್ ಪಾತ್ರವನ್ನು ಅನಿಮೆ ರಾಯಭಾರಿಯಾಗಿ ನೇಮಿಸಿತು.

ಮನೆಗಳಿಗೆ ಪ್ರವೇಶ

ಭಾರತದ ಒಂದು ಇಡೀ ತಲೆಮಾರು ಜಪಾನಿನದೆಂದು ತಿಳಿಯದೆಯೇ ನೋಡಿದ ಅನಿಮೆ ‘ಜಂಗಲ್ ಬುಕ್’. ನಿಪ್ಪಾನ್ ಅನಿಮೇಷನ್ ಸಂಸ್ಥೆಯ ಈ ಧಾರಾವಾಹಿ 1990ರ ದಶಕದಲ್ಲಿ ಗುಲ್ಜಾರ್ ಬರೆದ ಶೀರ್ಷಿಕೆ ಗೀತೆಯೊಂದಿಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ಮೂಡಿಬಂದಿತು. ಅನಂತರ ಕೇಬಲ್ ವಾಹಿನಿಗಳ ಮೂಲಕ ‘ಪೋಕೆಮಾನ್’, ‘ಡೋರೆಮಾನ್’, ‘ಶಿನ್‌ಚಾನ್’ ಬಂದವು. ಪಾಲಕರ ದೂರುಗಳ ಮೇರೆಗೆ ‘ಶಿನ್‌ಚಾನ್’ 2008ರಲ್ಲಿ ನಿಷೇಧಕ್ಕೆ ಒಳಗಾಗಿ, ಬಳಿಕ ಕತ್ತರಿ ಪ್ರಯೋಗದೊಂದಿಗೆ ಮರಳಿತು.

ಪರೀಕ್ಷೆಯಲ್ಲಿ ಸೊನ್ನೆ ಪಡೆದು ಅಮ್ಮನಿಗೆ ಹೆದರುವ ನೊಬಿತಾ ಇಲ್ಲಿನ ಮಕ್ಕಳಿಗೆ ತಮ್ಮ ತರಗತಿಯ ಹುಡುಗನಂತೆಯೇ ಕಂಡನು. ಶಾಲೆ ಆರಂಭವಾಗುವ ಜೂನ್ ಹೊತ್ತಿಗೆ ಜಯನಗರ 4ನೇ ಬ್ಲಾಕ್ ಹಾಗೂ ಗಾಂಧಿ ಬಜಾರಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬರುವ ಚೀಲ, ಜಾಮಿಟ್ರಿ ಬಾಕ್ಸ್, ನೀರಿನ ಬಾಟಲಿಗಳ ಮೇಲೆ ಈ ಪಾತ್ರಗಳ ಚಿತ್ರಗಳನ್ನು ಕಾಣಬಹುದು.

ಭಾಷೆಯ ಪ್ರಶ್ನೆ

1960ರ ದಶಕದಿಂದ ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ ಅಲಿಖಿತ ನಿಷೇಧವಿತ್ತು. ಹೆಚ್ಚಿನ ಬಂಡವಾಳದ ಪರಭಾಷಾ ಚಿತ್ರಗಳ ಎದುರು ಕನ್ನಡದ ಕಲಾವಿದರೂ ತಂತ್ರಜ್ಞರೂ ಉಳಿಯಲಾರರು ಎಂಬ ಆತಂಕ ಅದರ ಹಿಂದಿತ್ತು. ಆ ಕಾಲಕ್ಕೆ ಅದು ಆಧಾರವಿಲ್ಲದ ಆತಂಕವೇನೂ ಆಗಿರಲಿಲ್ಲ. ಮುಂದೆ ಕಿರುತೆರೆಗೂ ಇದೇ ಕಟ್ಟುಪಾಡು ವಿಸ್ತರಿಸಿತು. ಮಕ್ಕಳ ಕಾರ್ಯಕ್ರಮಗಳ ಮೇಲೆ ಇದರ ಪರಿಣಾಮವನ್ನು ಆಗ ಹೆಚ್ಚಿನವರು ಯೋಚಿಸಿದಂತಿಲ್ಲ. ನಟರ ಕೆಲಸವನ್ನು ಕಸಿಯದ ಕಾರ್ಟೂನ್ ಕೂಡ ಕನ್ನಡಕ್ಕೆ ಬರುವುದು ತಡವಾಯಿತು. ಶಾಲೆಯಲ್ಲಿ ಹಿಂದಿ ಪಾಠ ಶುರುವಾಗುವ ಮೊದಲೇ ಡೋರೆಮಾನ್ ನೋಡಿ ಹಿಂದಿ ಮಾತನಾಡುವ ಕನ್ನಡದ ಮಕ್ಕಳು ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಅಪರೂಪವಲ್ಲ. ಭಾಷೆಯನ್ನು ಕಾಯಲೆಂದು ಹಾಕಿದ ಬೇಲಿ ಅದರ ಎಳೆಯ ಕೇಳುಗರನ್ನೇ ಹೊರಗಿಟ್ಟಿತು ಎಂಬುದು ಡಬ್ಬಿಂಗ್ ಪರವಾಗಿದ್ದವರ ಬಲವಾದ ವಾದಗಳಲ್ಲೊಂದು.

2009ರಲ್ಲಿ ಸನ್ ಸಮೂಹವು ಕನ್ನಡದಲ್ಲಿ ಮಕ್ಕಳಿಗಾಗಿಯೇ ಚಿಂಟು ಟಿವಿಯನ್ನು ಆರಂಭಿಸಿ, ಹೊರದೇಶದ ಕಾರ್ಟೂನ್‌ಗಳನ್ನು ಕನ್ನಡದ ಧ್ವನಿಯಲ್ಲಿ ಪ್ರಸಾರ ಮಾಡಿತು. ಕನ್ನಡ ಗ್ರಾಹಕರ ಕೂಟದ ದೂರಿನ ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ, ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ತೀರ್ಮಾನಿಸಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಸ್ಥೆಗಳಿಗೆ ದಂಡ ವಿಧಿಸಿತು.

ಚಿತ್ರಮಂದಿರಗಳಲ್ಲಿ

ಅಭಿಮಾನಿಗಳ ಆನ್‌ಲೈನ್ ಮನವಿಯ ಬಳಿಕ ಮಕೊಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ 2019ರ ಅಕ್ಟೋಬರಿನಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಅವರದೇ ‘ಸುಜುಮೆ’ 2023ರಲ್ಲಿ ಬಂದಿತು. ಇವುಗಳ ಪ್ರೇಕ್ಷಕರು ಡೋರೆಮಾನ್ ನೋಡುವ ವಯಸ್ಸಿನವರಲ್ಲ. ಕಾಲೇಜು ವಿದ್ಯಾರ್ಥಿಗಳು ಮತ್ತು ಯುವ ಉದ್ಯೋಗಿಗಳು. ಮೂಲ ಜಪಾನೀ ಧ್ವನಿಯನ್ನೇ ಬಯಸಿ ಇಂಗ್ಲಿಷ್ ಅಡಿಬರಹ ಓದುವವರೂ ಇವರಲ್ಲಿದ್ದಾರೆ.

2025ರ ಸೆಪ್ಟೆಂಬರಿನಲ್ಲಿ ತೆರೆಕಂಡ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಜಪಾನೀ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಲಭ್ಯವಿತ್ತು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಭಾರತೀಯ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ ಕನ್ನಡದಲ್ಲಿಯೂ ಬಿಡುಗಡೆಯಾಗಿತ್ತು.